ಕಣ್ಣು ಮುಚ್ಚಿ ಊರು ಹೇಳುವ ಆಟ

ಮಕ್ಕಳನ್ನು ಕಟ್ಟಿಕೊಂಡು ದೂರದ ಪ್ರಯಾಣ ಹೊರಡುವವನು ಪೆಟ್ರೋಲಿಗಿಂತ ಮೊದಲು ತಾಳ್ಮೆಯನ್ನು ತುಂಬಿಸಿಕೊಳ್ಳಬೇಕು. ಶಿವಮೊಗ್ಗದಿಂದ ಬೆಂಗಳೂರಿಗೆ ಸುಮಾರು 300 ಕಿಲೋಮೀಟರು. ಭದ್ರಾವತಿ, ತರೀಕೆರೆ, ಕಡೂರು, ಅರಸೀಕೆರೆ, ತಿಪಟೂರು, ತುಮಕೂರು ಎಂದು ಬಾಯಲ್ಲಿ ಹೇಳಿದರೆ ಒಂದು ಉಸಿರಿನ ಹಾದಿ. ಹಿಂದಿನ ಆಸನದಲ್ಲಿ ಇಬ್ಬರು ಮಕ್ಕಳಿದ್ದರೆ ಅದೇ ಹಾದಿ ಕಾಶಿಯಾತ್ರೆಯಾಗುತ್ತದೆ.

ಕಳೆದ ಬೇಸಗೆಯಲ್ಲಿ ತಂಗಿಯ ಮನೆಯ ಗೃಹಪ್ರವೇಶಕ್ಕೆಂದು ನಮ್ಮ ಸವಾರಿ ಹೊರಟಿತು. ಮುಂದೆ ನಾನು ಮತ್ತು ನನ್ನ ತಂದೆ. ಹಿಂದೆ ನನ್ನಾಕೆ, ಹತ್ತು ವರ್ಷದ ಮಗಳು, ಆರು ವರ್ಷದ ಮಗ. ಅವರ ನಡುವೆ ಮೊಬೈಲೆಂಬ ಆರನೆಯ ಪ್ರಯಾಣಿಕ. ವಿದ್ಯಾನಗರ ದಾಟುವ ಮೊದಲೇ ಎರಡು ತಲೆಗಳೂ ಅದರ ಮೇಲೆ ಬಾಗಿದುವು. ಕಾರಿನಲ್ಲಿ ನಿಶ್ಶಬ್ದ. ನಿಜ ಹೇಳಬೇಕೆಂದರೆ, ನನಗೆ ಅದು ಹಿತವಾಗಿಯೇ ಇತ್ತು. ಮನೆಯಲ್ಲಿ ಮೊಬೈಲನ್ನು ಶಪಿಸುವ ತಂದೆತಾಯಿಗಳೇ ಕಾರಿನಲ್ಲಿ ಅದಕ್ಕೆ ಆರತಿ ಎತ್ತುವವರು.

ತರೀಕೆರೆ ಇನ್ನೂ ದೂರವಿರುವಾಗಲೇ ಮಗ ಕ್ಷೀಣವಾಗಿ "ಅಮ್ಮಾ" ಎಂದ. ಆ ದನಿಯ ಅರ್ಥ ತಾಯಂದಿರಿಗೆ ತಕ್ಷಣ ತಿಳಿಯುತ್ತದೆ, ಗಾಡಿ ಓಡಿಸುವ ತಂದೆಗೆ ತಡವಾಗಿ. ನಾನು ನಿಲ್ಲಿಸುವಷ್ಟರಲ್ಲಿ ಬೆಳಗಿನ ಇಡ್ಲಿ ಹೊರಗೆ ಬಂದಾಗಿತ್ತು. ಓಡುವ ಗಾಡಿಯಲ್ಲಿ ಕುಳಿತು ಅಂಗೈಯಗಲದ ಗಾಜನ್ನು ನೋಡುವಾಗ ಕಣ್ಣು "ನಾವು ನಿಂತಿದ್ದೇವೆ" ಎನ್ನುತ್ತದೆ, ಒಳಗಿವಿ "ಇಲ್ಲ, ಓಡುತ್ತಿದ್ದೇವೆ" ಎನ್ನುತ್ತದೆ. ಈ ಎರಡು ಸಾಕ್ಷಿಗಳ ಹೇಳಿಕೆ ತಾಳೆಯಾಗದೆ ಹೊಟ್ಟೆ ತೊಳಸುತ್ತದಂತೆ. ಪುಸ್ತಕ ಓದಿದರೂ ಇದೇ ಗತಿಯಾದ್ದರಿಂದ ಕನ್ನಡ ಮೇಷ್ಟರು ಬೀಗುವಂತಿಲ್ಲ. ದೂರದ ಗುಡ್ಡವನ್ನೋ ಮುಂದಿನ ರಸ್ತೆಯನ್ನೋ ನೋಡುತ್ತಿದ್ದರೆ ಈ ವ್ಯಾಜ್ಯ ಬಹುಮಟ್ಟಿಗೆ ಇಲ್ಲ. ನನ್ನಾಕೆ ಆಸನ ಒರೆಸಿ, ಮೊಬೈಲನ್ನು ತನ್ನ ಕೈಚೀಲಕ್ಕೆ ಸೇರಿಸಿ, "ಇನ್ನು ಊರು ಮುಟ್ಟುವವರೆಗೆ ಇದರ ಸುದ್ದಿ ಎತ್ತಕೂಡದು" ಎಂದು ಆಜ್ಞೆ ಹೊರಡಿಸಿದಳು.

ಐದು ನಿಮಿಷವಾಗಿರಲಿಲ್ಲ, "ಅಪ್ಪಾ, ಇನ್ನೂ ಎಷ್ಟು ದೂರ?" ಶುರುವಾಯಿತು.

ವೃತ್ತಿಬಲದಿಂದ ನಾನೇ ಮುಂದಾದೆ. ಒಂದೇ ವಸ್ತುವಿಗೆ ಹಲವು ಹೆಸರು ಹೇಳುವ ಆಟ. "ನೀರಿಗೆ?" ಎಂದೆ. "ಜಲ" ಎಂದಳು ಮಗಳು. "ಬಿಸ್ಲೇರಿ" ಎಂದ ಮಗ. ಮೂರನೆಯ ಹೆಸರಿಗೆ ನಾನು ಕಾಯುತ್ತಿರುವಾಗ ಮಗಳು, "ಅಪ್ಪಾ, ಇದು ಆಟಾನಾ, ಪಾಠಾನಾ?" ಎಂದು ಕೇಳಿದಳು. ಇಷ್ಟು ನೇರವಾದ ವರದಿಯನ್ನು ಯಾವ ತಪಾಸಣೆಯ ಸಮಿತಿಯೂ ನನಗೆ ಕೊಟ್ಟಿರಲಿಲ್ಲ.

ನನ್ನಾಕೆಯ ಆಟವೇ ಗೆದ್ದಿತು. ಎದುರು ಬರುವ ಗಾಡಿಯ ನಂಬರು ನೋಡಿ ಊರು ಹೇಳಬೇಕು. 14 ನಮ್ಮದು, 66 ತರೀಕೆರೆ, 18 ಚಿಕ್ಕಮಗಳೂರು, 13 ಹಾಸನ, 44 ತಿಪಟೂರು, 06 ತುಮಕೂರು. ಕಡೂರಿನ ಹೊತ್ತಿಗೆ ನಮ್ಮ 14 ವಿರಳವಾಗಿ 18 ಹೆಚ್ಚಿತು; ಮುಂದೆ 13 ಬರತೊಡಗಿದಾಗ, "ಹಾಸನ ಜಿಲ್ಲೆ ಬಂತು" ಎಂದು ಮಗಳು ಫಲಕ ನೋಡದೆಯೇ ಸಾರಿದಳು. ಭೂಪಟದ ಮುಂದೆ ಕೂರಿಸಿದ್ದರೆ ಇದನ್ನು ಕಲಿಯುತ್ತಿದ್ದಳೆಂಬ ನಂಬಿಕೆ ನನಗಿಲ್ಲ.

ಧೈರ್ಯ ಬಂದು ನಾನು ಹಿಂಬಾಗಿಲಿನಿಂದ ಮತ್ತೆ ಪಾಠವನ್ನು ತೂರಿಸಿದೆ. ಊರ ಹೆಸರುಗಳ ಜಾಡು ಹಿಡಿದು ಶಂ. ಬಾ. ಜೋಶಿಯವರು ಕನ್ನಡದ ಹಳೆಯ ಎಲ್ಲೆಗಳನ್ನೇ ಹುಡುಕಿದರು. ನಮ್ಮದು ಅಷ್ಟು ದೊಡ್ಡ ಸಂಶೋಧನೆಯಲ್ಲ. ಮಗಳಿಗೆ 'ಊರು', ಮಗನಿಗೆ 'ಕೆರೆ'. ಬೀರೂರು, ಕಡೂರು, ತಿಪಟೂರು, ತುಮಕೂರು ಎಂದು ಅಕ್ಕ ಎಣಿಸಿದಳು. ತಮ್ಮನಿಗೆ ತರೀಕೆರೆ, ಅರಸೀಕೆರೆ ಎರಡೇ. ರಸ್ತೆಯ ಪಕ್ಕ ಕಾಣುವ ಕೆರೆಗಳನ್ನೂ ಸೇರಿಸಬೇಕೆಂದು ಅವನು ಹಠ ಹಿಡಿದ. ನೀರಿಲ್ಲದ ಕೆರೆ ಕೆರೆಯೇ ಅಲ್ಲ ಎಂದು ಅವಳ ಆಕ್ಷೇಪಣೆ. ಬೇಸಗೆಯಲ್ಲಿ ಆ ಸೀಮೆಯಲ್ಲಿ ಈ ನಿಯಮದಂತೆ ನಡೆದರೆ ಹುಡುಗನಿಗೆ ನ್ಯಾಯ ಸಿಗುವುದುಂಟೇ? ಅವನು ಅಳತೊಡಗಿದ.

ಆಗ ನನ್ನ ತಂದೆ, "ಗಾಜು ಇಳಿಸು" ಎಂದರು.

ಅಮ್ಮ ತೀರಿಕೊಂಡ ಮೇಲೆ ಅವರು ನಮ್ಮೊಡನೆ ಶಿವಮೊಗ್ಗದಲ್ಲಿದ್ದಾರೆ. ಮಾತು ಕಡಿಮೆಯಾಗಿದೆ. ಮಕ್ಕಳಿಗೆ ಅಜ್ಜನೆಂದರೆ ಪತ್ರಿಕೆಯ ಹಿಂದೆ ಕುಳಿತ ಒಂದು ಮೌನ. ಬೆಳಗಿನಿಂದ ಆಡಿದ ಮೊದಲ ಮಾತು ಅದು. "ಕಣ್ಣು ಮುಚ್ಚಿಕೋ ಮರಿ. ಈಗ ಯಾವ ಊರು ಹೇಳು ನೋಡೋಣ," ಎಂದರು. ಬಿಸಿಗಾಳಿಯ ಜೊತೆ ತೆಂಗಿನ ಸಿಪ್ಪೆಯ ವಾಸನೆ ಒಳನುಗ್ಗಿತು. "ತೆಂಗಿನಕಾಯಿ ಊರು!" ಎಂದ ಹುಡುಗ. ತಿಪಟೂರಿಗೆ ಅದಕ್ಕಿಂತ ಒಳ್ಳೆಯ ಹೆಸರಿಲ್ಲ. ಅಜ್ಜ ಪೂರ್ಣ ಅಂಕ ಕೊಟ್ಟರು.

ನನಗೆ ಎದೆ ಝಲ್ಲೆಂದಿತು. ಅದು ನನ್ನ ಆಟ. ತಂದೆ ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ ದುಡಿದವರು. ಭಾನುವಾರ ಶಿವಮೊಗ್ಗದ ಅಜ್ಜಿಯ ಮನೆಯಿಂದ ಹಿಂದಿರುಗುವಾಗ ಬಸ್ಸಿನಲ್ಲಿ ನನ್ನ ಕಣ್ಣು ಮುಚ್ಚಿ, "ಭದ್ರಾವತಿ ಬಂದಾಗ ಹೇಳು" ಎನ್ನುತ್ತಿದ್ದರು. ನಾನು ಸೋತದ್ದೇ ಇಲ್ಲ. ತಿರುಳು ಬೇಯುವ ಆ ಘಾಟು ವಾಸನೆ ಊರಿನಲ್ಲೇ ಇದ್ದವರ ಮೂಗಿಗೆ ತಿಳಿಯುತ್ತಿರಲಿಲ್ಲ. ಒಂದು ದಿನ ಹೊರಗಿದ್ದು ಬಂದರೆ ಬಾಗಿಲಲ್ಲೇ ನಿಂತು ಸ್ವಾಗತಿಸುತ್ತಿತ್ತು. ಅಪ್ಪನ ಅಂಗಿಯ ವಾಸನೆಯೂ ಅದೇ. 1936ರಲ್ಲಿ ಸ್ಥಾಪನೆಯಾಗಿ, ಮುಂದೆ ಪತ್ರಿಕೆಗಳಿಗೂ ಕಾಗದ ಒದಗಿಸಿದ ಆ ಕಾರ್ಖಾನೆಯ ಯಂತ್ರಗಳು 2015ರ ಸುಮಾರಿಗೆ ನಿಂತುವು.

ಮೂರನೆಯ ದಿನ ರಾತ್ರಿ ಹಿಂದಿರುಗುವಾಗ ಮೊಬೈಲನ್ನು ಯಾರೂ ಕೇಳಲಿಲ್ಲ. ಮಕ್ಕಳು ಬದಲಾದರೆಂದು ಹಿಗ್ಗಬೇಡಿ, ಅದರ ಬ್ಯಾಟರಿ ಮುಗಿದಿತ್ತು. ತರೀಕೆರೆ ದಾಟಿದ ಮೇಲೆ ಮಗ ಮುಂದೆ ಬಾಗಿ, "ಅಜ್ಜಾ, ಈಗ ನೀನು ಕಣ್ಣು ಮುಚ್ಚು. ಭದ್ರಾವತಿ ಬಂದಾಗ ಹೇಳಬೇಕು" ಎಂದ. ನಾನು ಬೇಡವೆನ್ನಬೇಕೆಂದುಕೊಂಡೆ. ತಂದೆ ಆಗಲೇ ಗಾಜು ಇಳಿಸಿ ಕಣ್ಣು ಮುಚ್ಚಿದ್ದರು. ಊರಿನ ದೀಪಗಳು ಕಂಡುವು. ಒಳಗೆ ಬಂದದ್ದು ಬರಿಯ ತಣ್ಣನೆಯ ಗಾಳಿ. ಅವರು ಸುಮ್ಮನಿದ್ದರು. ನಾನು ವೇಗ ತಗ್ಗಿಸಿದೆ, ಯಾಕೆಂದು ನನಗೇ ಗೊತ್ತಿಲ್ಲ.

ಹೊಳೆಯ ಸೇತುವೆಯ ಮೇಲೆ ಗಾಡಿ ಹತ್ತಿದಾಗ, "ಬಂತು" ಎಂದರು.

"ಹೇಗೆ ಗೊತ್ತಾಯ್ತು?"

"ಚಕ್ರದ ಸದ್ದು ಕೇಳು. ಕೆಳಗೆ ಭದ್ರೆ ಇದ್ದಾಳೆ."

ಮಗ ಕಿವಿಗೊಟ್ಟ. ಮುಂದಿನ ಇಪ್ಪತ್ತು ಕಿಲೋಮೀಟರು ಅವನು ಕಣ್ಣು ಮುಚ್ಚಿಯೇ ಇದ್ದ; ನಿದ್ದೆ ಹೋದನೆಂದು ನಾವು ಸದ್ದು ಮಾಡಲಿಲ್ಲ. ಶಿವಮೊಗ್ಗದ ಸೇತುವೆಗೆ ಚಕ್ರ ತಾಗಿದ್ದೇ ತಡ, ಕಣ್ಣು ಬಿಡದೆ "ತುಂಗೆ!" ಎಂದು ಕೂಗಿದ.