ಎರಡು ಕಾಲಂ, ಒಂದು ಕಾರು

ನಮ್ಮ ಮನೆಯಲ್ಲಿ ಯಾವ ದೊಡ್ಡ ತೀರ್ಮಾನ ಆಗಬೇಕಾದರೂ ಊಟದ ಮೇಜಿನ ಮೇಲೆ ಮೊದಲು ಒಂದು ಹಾಳೆ ಬರುತ್ತದೆ. ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವನು ನಾನು. ಹಾಳೆಯ ನಡುವೆ ಗೆರೆ ಎಳೆದು, ಎಡಕ್ಕೆ ‘ಅನುಕೂಲ’, ಬಲಕ್ಕೆ ‘ಅನಾನುಕೂಲ’ ಎಂದು ಬರೆಯದಿದ್ದರೆ ನನಗೆ ನಿದ್ದೆ ಬಾರದು. ಫ್ರಿಜ್ ಕೊಳ್ಳುವಾಗಲೂ ಹಾಗೇ, ಹಿತ್ತಿಲ ನುಗ್ಗೆಮರ ಕಡಿಸುವಾಗಲೂ ಹಾಗೇ. ಕಳೆದ ಬೇಸಿಗೆಯಲ್ಲಿ ಆರನೇ ಕ್ಲಾಸಿನ ನನ್ನ ಮೊಮ್ಮಗಳು ಆ ಹಾಳೆಯ ತಲೆಯಲ್ಲಿ ಕೆಂಪು ಸ್ಕೆಚ್ ಪೆನ್ನಿನಿಂದ ಬರೆದಳು: ‘ಅಪ್ಪನ ಕಾರು’.

ಕಾರು ಯಾವುದೆಂದರೆ ಸ್ಕೋಡಾ ಆಕ್ಟೇವಿಯಾ. ಅದರಲ್ಲೂ ‘ಆರ್‌ಎಸ್’ ಎಂಬ ಓಟದ ಕುದುರೆ. 2001ರಲ್ಲಿ ಈ ಆಕ್ಟೇವಿಯಾ ನಮ್ಮ ದೇಶಕ್ಕೆ ಬಂದಾಗ ಮಗ ಪಿಯುಸಿ ಓದುತ್ತಿದ್ದ. ಪತ್ರಿಕೆಯಲ್ಲಿ ಬಂದ ಅದರ ಚಿತ್ರ ಕತ್ತರಿಸಿ ಗಣಿತದ ಪುಸ್ತಕದಲ್ಲಿ ಇಟ್ಟುಕೊಂಡಿದ್ದ. ಈಗ ಅವನಿಗೆ ನಲವತ್ತು. ಕೆಂಪು ಬಣ್ಣದ, ಯಾರೋ ಓಡಿಸಿ ಮಾರಲಿಟ್ಟ ಗಾಡಿಯೊಂದು ಮೈಸೂರಿನಲ್ಲೇ ಇದೆ ಎಂದು ತಿಳಿದ ದಿನ ಅವನ ಮುಖದಲ್ಲಿ ಮತ್ತೆ ಆ ಪಿಯುಸಿ ಹುಡುಗ ಕಾಣಿಸಿದ.

“ಅಪ್ಪ, ಇದು ನೋಡೋಕೆ ಸೆಡಾನ್. ಆದರೆ ನಿಜವಾಗಿ ಹ್ಯಾಚ್‌ಬ್ಯಾಕ್” ಎಂದ.

“ಹಾಗಂದ್ರೆ ಏನು ತಾತ?” ಎಂದು ಮೊಮ್ಮಗಳು ನನ್ನ ಕಡೆ ತಿರುಗಿದಳು. ಮೇಷ್ಟರಿಗೆ ಇನ್ನೇನು ಬೇಕು? ಸೆಡಾನ್‌ನಲ್ಲಿ ಡಿಕ್ಕಿಯ ಮುಚ್ಚಳ ಮಾತ್ರ ತೆರೆಯುತ್ತದೆ. ಹಿಂದಿನ ಗಾಜು ಇದ್ದಲ್ಲೇ ಇರುತ್ತದೆ. ಹ್ಯಾಚ್‌ಬ್ಯಾಕ್‌ನಲ್ಲಿ ಗಾಜೂ ಮುಚ್ಚಳವೂ ಒಟ್ಟಿಗೆ ಮೇಲೇಳುತ್ತವೆ, ಐದನೇ ಬಾಗಿಲಿನ ಹಾಗೆ. ಆಕ್ಟೇವಿಯಾದ ಬೆನ್ನು ಸೆಡಾನ್‌ನಂತೆ ಇಳಿದಿದ್ದರೂ ಬಾಗಿಲು ಹ್ಯಾಚ್‌ಬ್ಯಾಕ್‌ನದು. ಪಂಚೆ ಉಟ್ಟು ಬೂಟು ಹಾಕಿದವರ ಹಾಗೆ ಎಂದೆ. ಸೊಸೆ ಅಡುಗೆಮನೆಯಿಂದಲೇ ನಕ್ಕಳು.

ಎಡಗಡೆಯ ಕಾಲಂ ಬೇಗ ಬೇಗ ತುಂಬಿತು. ಡಿಕ್ಕಿಯ ಗಾತ್ರ 590 ಲೀಟರ್. ಇಪ್ಪತ್ತು ಲೀಟರಿನ ನೀರಿನ ಕ್ಯಾನಿನ ಲೆಕ್ಕದಲ್ಲಿ ಇಪ್ಪತ್ತೊಂಬತ್ತು ಕ್ಯಾನಿನಷ್ಟು. ಹಿಂದಿನ ಸೀಟು ಮಡಚಿದರೆ 1,580 ಲೀಟರ್. “ನನ್ನ ಸೈಕಲ್ಲು ಹಿಡಿಸುತ್ತೆ!” ಎಂದು ಮೊಮ್ಮಗಳೇ ಬರೆದುಕೊಂಡಳು. ಗಾಡಿ ತಗ್ಗಾಗಿರುವುದರಿಂದ ಅದರ ಭಾರವೂ ನೆಲಕ್ಕೆ ಹತ್ತಿರ ಇರುತ್ತದೆ. ತಿರುವಿನಲ್ಲಿ ಹೆಚ್ಚು ವಾಲುವುದಿಲ್ಲ. ನನ್ನಾಕೆಯ ತವರು ಆಗುಂಬೆ ಘಾಟಿಯ ಕೆಳಗೆ, ಸೋಮೇಶ್ವರದ ಆಚೆ. ಹದಿನಾಲ್ಕು ಹಿಮ್ಮುರಿ ತಿರುವು ಇಳಿಯುವಷ್ಟರಲ್ಲಿ ಈ ಮೊಮ್ಮಗಳ ಹೊಟ್ಟೆಯಲ್ಲಿ ಏನೂ ಉಳಿಯುವುದಿಲ್ಲ. ಆದ್ದರಿಂದ ಅದೂ ಎಡಕ್ಕೇ.

ಇನ್ನು ಎಂಜಿನ್. 2017ರಲ್ಲಿ ಬಂದ ಆರ್‌ಎಸ್‌ಗೆ ಎರಡು ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, 230 ಕುದುರೆಗಳ ಬಲ. ಒಂದು ಕುದುರೆ ಎಂದರೆ, 75 ಕೆ.ಜಿ. ಭಾರವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಮೇಲಕ್ಕೆ ಎತ್ತುವಷ್ಟು ಶಕ್ತಿ. ಮೊಮ್ಮಗಳು ಗುಣಿಸಿದಳು. ಹದಿನೇಳು ಟನ್ ದಾಟಿತು. “ಆನೆಗಳನ್ನೇ ಎತ್ತಬಹುದು ತಾತ!” ಎಂದಳು.

ಬಲಗಡೆಗೆ ಬರುವಾಗ ಮಗ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡ.

ಮೊದಲನೆಯದು, ಈ 230 ಕುದುರೆಗಳು ಓಡುವುದಾದರೂ ಎಲ್ಲಿ? ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರಿಗೆ ಗಂಟೆಗೆ 100 ಕಿ.ಮೀ. ಮಿತಿ, ಅದನ್ನು ಕಾಯಲು ಕ್ಯಾಮೆರಾಗಳು. ಮಿಕ್ಕ ಕುದುರೆಗಳಿಗೆ ಸುಮ್ಮನೆ ಹುರುಳಿ ಹಾಕಿ ಸಾಕಬೇಕು, ಹುರುಳಿ ಎಂದರೆ ಪೆಟ್ರೋಲು.

ಎರಡನೆಯದು, ರಸ್ತೆಯ ಉಬ್ಬು. ನಿಯಮದ ಉಬ್ಬು 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು. ನಮ್ಮ ಬೀದಿಯದು ಮಲಗಿದ ಎಮ್ಮೆಯ ಬೆನ್ನಿನಂತಿದೆ. ಮಕ್ಕಳೇ, ನೀವೂ ಮಾಡಿ ನೋಡಿ: ಸ್ಕೇಲಿನ ಎರಡೂ ತುದಿಗೆ ಒಂದೊಂದು ರಬ್ಬರು ಇಟ್ಟು, ನಡುವೆ ಒಂದು ಬೆಂಕಿಪೊಟ್ಟಣ ಬರುವಂತೆ ದಾಟಿಸಿ. ರಬ್ಬರುಗಳು ದೂರ ಇದ್ದಷ್ಟೂ, ಸ್ಕೇಲು ತಗ್ಗಿದ್ದಷ್ಟೂ ನಡುವಿನ ಹೊಟ್ಟೆ ಪೊಟ್ಟಣಕ್ಕೆ ಬೇಗ ತಾಗುತ್ತದೆ. ಉದ್ದನೆಯ, ತಗ್ಗಿನ ಕಾರಿನ ಪಾಡೂ ಅದೇ. ಮೇಲಾಗಿ ಓಟದ ಗಾಡಿಗಳ ಟೈರಿನ ಪಕ್ಕೆ ತೆಳು. ಹಳ್ಳಕ್ಕೆ ಬಿದ್ದ ಪೆಟ್ಟು ನೇರವಾಗಿ ಚಕ್ರಕ್ಕೆ, ಅಲ್ಲಿಂದ ನಮ್ಮ ಬೆನ್ನಿಗೆ.

ಮೂರನೆಯದನ್ನು ಹೇಳಿದವಳು ಸೊಸೆ. “ಮಾವ, ಡಿಕ್ಕಿಗೂ ಒಳಗಿನ ಸೀಟಿಗೂ ಗಾಳಿ ಒಂದೇ ಅಲ್ವಾ? ಅಜ್ಜಿಯ ತವರಿಂದ ಹಲಸಿನ ಹಣ್ಣು ತಂದ್ರೆ?” ಎಲ್ಲರೂ ಒಂದು ಕ್ಷಣ ಮೌನವಾದೆವು. ಐದು ತಾಸಿಗೂ ಮೀರಿದ ದಾರಿಯಲ್ಲಿ ಹಣ್ಣಾದ ಹಲಸಿನ ಜೊತೆ ಕುಳಿತವರಿಗೆ ಆ ಮೌನದ ಅರ್ಥ ಗೊತ್ತು.

ಇಷ್ಟಾದರೂ ಎಡಗಡೆಯೇ ಉದ್ದವಿತ್ತು. ಭಾನುವಾರ ಎಲ್ಲರೂ ಗಾಡಿ ನೋಡಲು ಹೋದೆವು.

ಹೊರವರ್ತುಲ ರಸ್ತೆಯಲ್ಲಿ ಮಗ ಓಡಿಸಿದ. ಗಾಡಿ ನೆಲಕ್ಕೆ ಅಂಟಿಕೊಂಡಂತೆ ಹೋಯಿತು. ಸತ್ಯ ಹೇಳಬೇಕೆಂದರೆ, ಈ ವಯಸ್ಸಿನಲ್ಲೂ ನನ್ನ ಎದೆ ಹಿಗ್ಗಿತು. ಅವನು ಗುನುಗುತ್ತಿದ್ದ. ಅವನು ಗುನುಗಿದ್ದು ಕೇಳಿ ಎಷ್ಟು ವರ್ಷವಾಗಿತ್ತೋ.

ಅಂಗಡಿಯ ಮುಂದೆ ಗಾಡಿ ನಿಂತಿತು. ಎಲ್ಲರೂ ಇಳಿದೆವು. ನನ್ನಾಕೆ ಇಳಿಯಲಿಲ್ಲ. ಮುಂದಿನ ಸೀಟಿನಲ್ಲಿ ಕುಳಿತೇ ಇದ್ದಳು. ಎರಡು ಮಂಡಿಗೂ ಆಪರೇಷನ್ ಆಗಿ ವರ್ಷವಾಗಿತ್ತು. ತಗ್ಗಿನ ಸೀಟಿಗೆ ಕುಳಿತುಕೊಳ್ಳುವುದು ಸುಲಭ, ಜಾರಿದರೆ ಆಯಿತು. ಏಳುವಾಗ ಸೊಂಟ ಮಂಡಿಗಿಂತ ಕೆಳಗಿರುತ್ತದೆ; ಇಡೀ ಮೈಯ ಭಾರವನ್ನು ಮಂಡಿಯೇ ಎತ್ತಬೇಕು. ಅವಳು ಬಾಗಿಲಿನ ಚೌಕಟ್ಟನ್ನು ಎರಡೂ ಕೈಯಿಂದ ಹಿಡಿದು ಒಮ್ಮೆ ಎದ್ದಳು, ಮತ್ತೆ ಕುಳಿತಳು. ಮಗ ಆಗ ಅಂಗಡಿಯವನ ಜೊತೆ ಬೆಲೆ ಮಾತಾಡುತ್ತಿದ್ದ. 230 ಕುದುರೆಗಳಲ್ಲಿ ಒಂದೂ ಅವಳ ಸಹಾಯಕ್ಕೆ ಬರಲಿಲ್ಲ. ಬಂದವಳು ಮೊಮ್ಮಗಳು.

“ಚೆನ್ನಾಗಿದೆ ಕಣೋ ಗಾಡಿ. ತಗೋ” ಎಂದಳು ನನ್ನಾಕೆ, ಮಗನಿಗೆ.

ರಾತ್ರಿ ಊಟವಾದ ಮೇಲೆ ಮೇಜಿನ ಮೇಲೆ ಹಾಳೆ ಹಾಗೇ ಇತ್ತು. ಮೊಮ್ಮಗಳು ಬಂದು ಬಲಗಡೆಯ ಕೊನೆಯಲ್ಲಿ ಒಂದು ಸಾಲು ಸೇರಿಸಿದಳು: ‘ಅಜ್ಜಿಗೆ ಏಳೋಕೆ ಆಗಲ್ಲ.’

ಮಗ ಓದಿದ. “ಅಮ್ಮ, ನೀನು ಹೇಳಲೇ ಇಲ್ಲವಲ್ಲ?”

“ಯಾರು ಕೇಳಿದ್ರು?” ಎಂದಳು. ಕೋಪದಿಂದಲ್ಲ, ಸಾರು ಬಡಿಸುವಾಗ ಉಪ್ಪು ಸಾಕೇ ಎಂದು ಕೇಳುವ ದನಿಯಲ್ಲಿ. ಆಮೇಲೆ ನನ್ನ ಕಡೆ ತಿರುಗಿದಳು. “ಇವರು 83ರಲ್ಲಿ ಚೇತಕ್ ತಂದ್ರು. ಬುಕ್ ಮಾಡಿ ವರ್ಷಗಟ್ಟಲೆ ಕಾದು ತಂದಿದ್ದು. ಆಗಲೂ ಕಾಲಂ ಹಾಕಿದ್ರು. ಮೈಲೇಜು ಇತ್ತು, ಸ್ಟೆಪ್ನಿ ಇತ್ತು, ಬೆಲೆ ಇತ್ತು. ಹಿಂದೆ ಒಂದು ಕಡೆ ಕಾಲು ಇಳಿಬಿಟ್ಟು, ಮಡಿಲಲ್ಲಿ ನಿನ್ನ ಇಟ್ಟುಕೊಂಡು ಕೂರೋಳಿಗೆ ಭಯ ಆಗುತ್ತಾ ಅಂತ ಒಂದು ಸಾಲು ಇರಲಿಲ್ಲ. ಇಪ್ಪತ್ತು ವರ್ಷ ಒಂದು ಕೈಯಲ್ಲಿ ಆ ಸ್ಟೆಪ್ನಿ ಹಿಡ್ಕೊಂಡೇ ಕೂತಿದ್ದೆ.”

ನಾನು ಏನು ಹೇಳಲಿ? ಆ ಸ್ಕೂಟರಿನ ಒಂದೊಂದು ಬೋಲ್ಟಿನ ಅಳತೆಯೂ ನನಗೆ ಇಂದಿಗೂ ನೆನಪಿದೆ. ಹಿಂದೆ ಕುಳಿತವಳು ಏನನ್ನು ಹಿಡಿದುಕೊಂಡಿದ್ದಳು ಎಂಬುದು ಮಾತ್ರ ನಲವತ್ತು ವರ್ಷವಾದ ಮೇಲೆ ತಿಳಿಯಿತು.

“ಅದಕ್ಕೇನಂತೆ. ನೀನು ಆ ಗಾಡಿ ತಗೋ ಕಣೋ, ನಿನ್ನ ಆಸೆ” ಎಂದಳು ಮಗನಿಗೆ. “ಊರಿಗೆ ನಾನು ಬಸ್ಸಲ್ಲಿ ಬರ್ತೀನಿ.”

ಅವಳು ಚುಚ್ಚಲು ಹೇಳಿದ ಮಾತಲ್ಲ ಅದು. ಅದಕ್ಕೇ ಹೆಚ್ಚು ಚುಚ್ಚಿತು. ಮಗ ಬಹಳ ಹೊತ್ತು ಹಾಳೆಯನ್ನೇ ನೋಡುತ್ತಿದ್ದ. ಎಡಗಡೆ ಒಂಬತ್ತು ಸಾಲು, ಬಲಗಡೆ ಏಳು. ಲೆಕ್ಕದ ಪ್ರಕಾರ ಕಾರು ಗೆದ್ದಿತ್ತು. ಆದರೆ ಸಾಲುಗಳನ್ನು ಎಣಿಸುವುದು ಬೇರೆ, ತೂಗುವುದು ಬೇರೆ. ಇದನ್ನು ನಾನು ಮಕ್ಕಳಿಗೆ ಕಲಿಸಬೇಕಿತ್ತು. ಮೊಮ್ಮಗಳು ನನಗೆ ಕಲಿಸಿದಳು.

ತಿಂಗಳ ನಂತರ ಮನೆಗೆ ಬಂದದ್ದು ಬೂದು ಬಣ್ಣದ, ಎತ್ತರದ ಸೀಟಿನ, ಸಾಧಾರಣ ಗಾಡಿ. ಅದನ್ನು ನೋಡಿ ಬೀದಿಯ ಯಾವ ಹುಡುಗನೂ ನಿಲ್ಲುವುದಿಲ್ಲ. ಕೊಳ್ಳುವ ಮುಂಚೆ ನನ್ನಾಕೆಯನ್ನು ನಾಲ್ಕು ಗಾಡಿಗಳಲ್ಲಿ ಕೂರಿಸಿ ಏಳಿಸಿದ್ದೆವು. ಅವಳೇ ಆರಿಸಿದ್ದು. ಕುರ್ಚಿಯಿಂದ ಏಳುವಂತೆ ಎದ್ದು, “ಇದು ಆಗಬಹುದು” ಎಂದಿದ್ದಳು.

ಎಲ್ಲವೂ ಸುಖವಾಯಿತೆಂದು ಕಥೆ ಕಟ್ಟುವುದಿಲ್ಲ. ಎತ್ತರದ ಗಾಡಿಗೂ ಅದರದೇ ಬಲಗಡೆಯ ಕಾಲಂ ಉಂಟು. ಊರಿಗೆ ಹೋಗುವಾಗ ಘಾಟಿಯಲ್ಲಿ ಅದು ತೊಟ್ಟಿಲಿನಂತೆ ತೂಗಿತು. ಒಂಬತ್ತನೇ ತಿರುವಿನಲ್ಲಿ ಮೊಮ್ಮಗಳು ತಿಂದ ಇಡ್ಲಿಯನ್ನೆಲ್ಲ ಹೊರಹಾಕಿದಳು. ಡಿಕ್ಕಿಯೂ ಒಳಗಿನ ಗಾಳಿಯೂ ಇಲ್ಲೂ ಒಂದೇ ಆದ್ದರಿಂದ ಹಲಸಿನ ವಿಚಾರದಲ್ಲೂ ಏನೂ ಲಾಭವಾಗಲಿಲ್ಲ. ಹಾಸನದ ದಾರಿಯಲ್ಲಿ ಅಂಥದೇ ಒಂದು ಕೆಂಪು ಆಕ್ಟೇವಿಯಾ ನಮ್ಮನ್ನು ದಾಟಿ ಹೋದಾಗ, ಮಗನ ಕಣ್ಣು ಅದರ ಹಿಂದೆಯೇ ಹೋಯಿತು.

“ರಸ್ತೆ ನೋಡ್ಕೊಂಡು ಓಡ್ಸೋ” ಎಂದಳು ಅವನಮ್ಮ. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ಮೆಲ್ಲಗೆ, “ಚೆನ್ನಾಗಿತ್ತು ಅಲ್ವಾ ಅದು?” ಎಂದಳು.

“ಚೆನ್ನಾಗಿತ್ತಮ್ಮ” ಎಂದ ಅವನು.

ಸೋಮೇಶ್ವರ ದಾಟಿ ತವರಿನ ಅಂಗಳದಲ್ಲಿ ಗಾಡಿ ನಿಂತಿತು. ಮಗ ಬಾಗಿಲು ತೆರೆಯಲು ಆ ಕಡೆ ಓಡಿದ. ಮೊಮ್ಮಗಳು ಕೈ ಚಾಚಿದಳು. ಅಷ್ಟರಲ್ಲಿ ನನ್ನಾಕೆ ತಾನೇ ಬಾಗಿಲು ತೆಗೆದು, ಸೆರಗು ಸರಿಮಾಡಿಕೊಂಡು, ಯಾರ ಕೈಯನ್ನೂ ಹಿಡಿಯದೆ ಇಳಿದು, ಜಗಲಿಯ ಕಡೆ ನಡೆದುಬಿಟ್ಟಿದ್ದಳು.