ಬಿಕಾಂ ದಿನಚರಿ 9: ಗಾಜಿನ ಆಚೆ ಇದ್ದ ಕಂಪ್ಯೂಟರ್

(1/4)
ಫೋಟೋ ಕಪ್ಪಗಿದೆ ಅಂತ ಸ್ವೈಪ್ ಮಾಡ್ಬೇಡಿ. ನನ್ನ ಫೋನ್ ಕೆಟ್ಟಿಲ್ಲ. ಅದು ನಮ್ಮ ಆಫೀಸಿನ ಕಂಪ್ಯೂಟರ್ ಸ್ಕ್ರೀನು. ಮೇಲ್ಗಡೆ ಸಣ್ಣ ನೀಲಿ ಪಟ್ಟಿ ಕಾಣ್ತಿದೆಯಲ್ಲ, ಅದರ ಅರ್ಥ "ಕನೆಕ್ಟ್ ಆಗಿದೆ". ಕೆಳಗಿರೋ ಕಪ್ಪಿನ ಅರ್ಥ ಏನು ಅಂತ ತಿಳ್ಕೊಳ್ಳೋಕೆ ನನಗೆ ಒಂದು ಸಂಜೆ ಪೂರ್ತಿ ಬೇಕಾಯ್ತು.

ಹೋದ ಸಲ ಕಾಸ್ಟಿಂಗ್ ಇಂಟರ್ನಲ್ಸ್ ಬಗ್ಗೆ ಬರೆದಾಗ ನಾಲ್ಕು ಜನ "ಆಫೀಸ್ ಕಥೆ ಹಾಕೇ" ಅಂದ್ರಿ. ಸರಿ. ಒಂದು ಕ್ಯಾಪ್ಷನ್‌ಗೆ 2200 ಅಕ್ಷರ ಅಷ್ಟೇ ಜಾಗ, ಅದಕ್ಕೆ ನಾಲ್ಕು ಪೋಸ್ಟ್.

ಗೊತ್ತಿಲ್ಲದವರಿಗೆ: ಕಾಲೇಜು ಮುಗಿಸಿ ನಾನು ತುಮಕೂರಿನ ಒಬ್ಬ ಆಡಿಟರ್ ಹತ್ರ ಪಾರ್ಟ್ ಟೈಮ್ ಹೋಗ್ತೀನಿ. ಹೊರಗಿನ ಹಾಲ್‌ನಲ್ಲಿ ನನ್ನ ಕಂಪ್ಯೂಟರ್, ಒಳಗೆ ಗಾಜಿನ ಕ್ಯಾಬಿನ್‌ನಲ್ಲಿ ಸರ್ ಕಂಪ್ಯೂಟರ್. ಕ್ಲೈಂಟ್‌ಗಳ ಲೆಕ್ಕ ಎಲ್ಲಾ ಆ ಒಳಗಿನದರಲ್ಲೇ. ಸರ್ ಊರಲ್ಲಿಲ್ಲದಾಗ ಕ್ಯಾಬಿನ್‌ಗೆ ಬೀಗ ಬೀಳುತ್ತೆ, ಕಂಪ್ಯೂಟರ್ ಮಾತ್ರ ಆನ್ ಇರುತ್ತೆ. ನಾನು ಹೊರಗೆ ಕೂತು ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಅದರೊಳಗೆ ಹೋಗಿ ಕೆಲಸ ಮಾಡ್ತೀನಿ. ಲೆಕ್ಕ ಹಾಕೋದೆಲ್ಲ ಆ ಕಂಪ್ಯೂಟರೇ. ನನ್ನ ಸ್ಕ್ರೀನಿಗೆ ಬರೋದು ಬರೀ ಅದರ ಚಿತ್ರ, ನನ್ನಿಂದ ಅಲ್ಲಿಗೆ ಹೋಗೋದು ಕೀಬೋರ್ಡು, ಮೌಸಿನ ಒತ್ತು ಅಷ್ಟೇ.

ಅವತ್ತು 20ನೇ ತಾರೀಖು. ಕಾಮರ್ಸ್‌ನವರಿಗೆ ಹೇಳೋದೇ ಬೇಡ, ತಿಂಗಳ ಜಿಎಸ್‌ಟಿಆರ್-3ಬಿ ಹಾಕೋಕೆ ಕೊನೇ ದಿನ. ಬೇರೆಲ್ಲಾ ಮುಗಿದಿತ್ತು. ಉಳಿದಿದ್ದು ಒಂದೇ, ತೆಂಗಿನ ನಾರಿನ ಫ್ಯಾಕ್ಟರಿ ಅಂಕಲ್‌ದು. ಅದು ಪ್ರೈವೇಟ್ ಲಿಮಿಟೆಡ್ ಕಂಪನಿ, ಹಾಗಾಗಿ ಬರೀ ಒಟಿಪಿ ಹಾಕಿ ಮುಗಿಸೋಕಾಗಲ್ಲ, ಡಿಜಿಟಲ್ ಸಹಿ ಬೇಕು. ಪೆನ್‌ಡ್ರೈವ್ ಥರ ಇರೋ ಟೋಕನ್ ಚುಚ್ಚಿ ಹಾಕೋ ಸಹಿ. ಸರ್ ಮದುವೆಗೆ ಅಂತ ಹಾಸನಕ್ಕೆ ಹೋಗಿದ್ರು. "ಅಂಕಲ್ ಆರು ಗಂಟೆಗೆ ಬರ್ತಾರೆ, ರಿಮೋಟಲ್ಲಿ ಮುಗಿಸಿಬಿಡಮ್ಮ" ಅಂದಿದ್ರು.

(2/4)
ನಾಲ್ಕೂವರೆಗೆ ಹೋಗಿ ಕೂತೆ. ಕನೆಕ್ಟ್ ಒತ್ತಿದೆ. ಆಗಲಿಲ್ಲ.

ಗಾಜಿನಲ್ಲಿ ಇಣುಕಿ ನೋಡಿದೆ. ಸಿಪಿಯು ಲೈಟು ಮಿಣುಕದೆ ನೆಟ್ಟಗೆ ಉರೀತಿದೆ, ಅಂದ್ರೆ ಮಲಗಿಲ್ಲ. ಕಣ್ಣೆದುರಿಗೇ ಇದೆ, ಕೈಗೆ ಸಿಗ್ತಿಲ್ಲ. ರೂಮ್‌ಮೇಟ್ ಬಿಸಿಎ, ಅವಳಿಗೆ ಫೋನ್ ಮಾಡಿದೆ. "ಪಿಂಗ್ ಮಾಡು" ಅಂದ್ಲು. ನಾವು ಯಾವಾಗಲೂ ಬಳಸೋ ವಿಳಾಸ 192.168.1.7. ಪಿಂಗ್ ಮಾಡಿದ್ರೆ ಟಕಟಕ ಅಂತ ಉತ್ತರ ಬಂತು! ಸರಿ, ನೆಟ್‌ವರ್ಕ್ ಚೆನ್ನಾಗಿದೆ ಅಂದ್ಕೊಂಡು ಮುಕ್ಕಾಲು ಗಂಟೆ ಬೇರೆ ಏನೇನೋ ಕೆದಕಿದೆ. ಎರಡು ಸಲ ನನ್ನ ಕಂಪ್ಯೂಟರನ್ನೇ ರೀಸ್ಟಾರ್ಟ್ ಮಾಡಿದೆ, ತಪ್ಪು ಅದರದ್ದೇ ಅನ್ನೋ ಥರ.

ಆಮೇಲೆ ಅವಳೇ ಇನ್ನೊಂದು ಹೇಳಿದ್ಲು. ರಿಮೋಟ್ ಡೆಸ್ಕ್‌ಟಾಪ್ ಮಾತಾಡೋದು 3389ನೇ ಪೋರ್ಟ್‌ನಲ್ಲಿ. ಪವರ್‌ಶೆಲ್‌ನಲ್ಲಿ ಟೆಸ್ಟ್-ನೆಟ್‌ಕನೆಕ್ಷನ್ ಅನ್ನೋ ಕಮಾಂಡ್ ಕೊಟ್ಟು ಆ ಪೋರ್ಟ್ ತೆರೆದಿದೆಯಾ ಕೇಳು ಅಂತ. ಕೇಳಿದೆ. ಫಾಲ್ಸ್.

ಪಿಂಗ್‌ಗೆ ಓಗೊಡ್ತಾನೆ, ಬಾಗಿಲು ತೆಗೆಯಲ್ಲ. "ಅವನು ಅವನೇನಾ ನೋಡೇ" ಅಂದ್ಲು. ಅಲ್ಲಿತ್ತು ವಿಷಯ. ಮಧ್ಯಾಹ್ನ ಕರೆಂಟ್ ಹೋಗಿತ್ತು. ಸರ್ ಕಂಪ್ಯೂಟರಿಗೆ ಯುಪಿಎಸ್ ಇದೆ, ರೌಟರ್‌ಗೆ ಇಲ್ಲ. ರೌಟರ್ ಆಫ್ ಆಗಿ ಆನ್ ಆದಾಗ ಎಲ್ಲರಿಗೂ ಹೊಸದಾಗಿ ವಿಳಾಸ ಹಂಚಿದೆ. 7 ಯಾರದ್ದೋ ಫೋನಿಗೆ ಹೋಗಿದೆ. ನಾನು ಮುಕ್ಕಾಲು ಗಂಟೆ ಯಾರದ್ದೋ ಫೋನನ್ನ ಮಾತಾಡಿಸ್ತಿದ್ದೆ.

ಗುಬ್ಬಿ ಬಸ್ ನೆನಪಾಯ್ತು. ದಿನಾ ಕೂರೋ ಸೀಟು ಅಂತ ನೋಡದೆ ಕೂರೋಕೆ ಹೋದ್ರೆ ಬೇರೆ ಯಾರೋ ಕೂತಿರ್ತಾರೆ. ಸೀಟು ನಮ್ದೇ ಆಗ್ಬೇಕಂದ್ರೆ ಕಿಟಕಿಯಿಂದ ಕರ್ಚೀಫ್ ಹಾಕಿರ್ಬೇಕು. ರೌಟರ್‌ನಲ್ಲೂ ಹಾಗೆ ಕರ್ಚೀಫ್ ಹಾಕೋ ಜಾಗ ಇದೆ, ಅಡ್ರೆಸ್ ರಿಸರ್ವೇಷನ್ ಅಂತ. ಯಾರೂ ಹಾಕಿರಲಿಲ್ಲ.

ಪ್ರಿಂಟರ್ ಲಿಸ್ಟ್‌ನಲ್ಲಿ ಸರ್ ಕಂಪ್ಯೂಟರಿನ ಹೆಸರು ಸಿಕ್ಕಿತು. ನಂಬರ್ ಬಿಟ್ಟು ಹೆಸರು ಹಿಡಿದು ಕೇಳಿದೆ. ಟ್ರೂ ಅಂತ ಬಂತು. ಕುಣಿದುಬಿಟ್ಟೆ.

ಕುಣಿತ ಹತ್ತು ಸೆಕೆಂಡ್. ಪಾಸ್‌ವರ್ಡ್ ಕೇಳ್ತು. ಆ ಕಂಪ್ಯೂಟರಿಗೆ ಸೀನಿಯರ್ ಅಕ್ಕ ಹೋದ ವಾರ ನಾಲ್ಕಂಕಿ ಪಿನ್ ಇಟ್ಟಿದ್ರು, ಎಲ್ಲರೂ ಅದನ್ನೇ ಒತ್ತೋದು. ಪಿನ್ ಆ ಕಂಪ್ಯೂಟರ್ ಮುಂದೆ ಕೂತವರಿಗೆ ಮಾತ್ರ ನಡೆಯುತ್ತೆ, ದೂರದಿಂದ ಬಂದವರಿಗೆ ಅಸಲಿ ಪಾಸ್‌ವರ್ಡೇ ಬೇಕು. (ಪಾಸ್‌ವರ್ಡೇ ಇಡದ ಅಕೌಂಟ್ ಆದ್ರೆ ಹೊರಗಿಂದ ಬಿಟ್ಕೊಳ್ಳೋದೇ ಇಲ್ಲ.) ಅಕ್ಕ ರಜೆ. ಫೋನ್ ಮಾಡಿದ್ರೆ, "ಕ್ಯಾಲೆಂಡರ್ ಹಿಂದೆ ಬರ್ದಿದೀನಿ ಕಣೇ, ಸರ್‌ಗೆ ಹೇಳ್ಬೇಡ" ಅಂದ್ರು. ಹೇಳಿಲ್ಲ ಅಕ್ಕ. ಇಲ್ಲಿ ಬರ್ದಿದೀನಿ ಅಷ್ಟೇ.

(3/4)
ಪಾಸ್‌ವರ್ಡ್ ಹಾಕಿದೆ. ಬಂದಿದ್ದು ಮೊದಲನೇ ಫೋಟೋದ ಕಪ್ಪು. ಮೌಸ್ ಓಡಾಡುತ್ತೆ, ಬೇರೆ ಏನೂ ಇಲ್ಲ. ಕ್ಲೋಸ್ ಮಾಡಿ ತೆರೆದೆ, ಮತ್ತೆ ಕಪ್ಪು.

ಕಂಟ್ರೋಲ್ ಆಲ್ಟ್ ಡಿಲೀಟ್ ಒತ್ತಿದ್ರೆ ಅದು ನನ್ನ ಕಂಪ್ಯೂಟರಿಗೇ ತಗಲುತ್ತೆ. ಆಚೆಯದಕ್ಕೆ ಮುಟ್ಟಿಸಬೇಕು ಅಂದ್ರೆ ಡಿಲೀಟ್ ಬದಲು ಎಂಡ್ ಒತ್ತಬೇಕು. ಇದನ್ನ ಬರೆದಿಟ್ಕೊಳ್ಳಿ, ನಿಜವಾಗ್ಲೂ ಬೇಕಾಗುತ್ತೆ. ಒತ್ತಿದೆ, ನೀಲಿ ಪರದೆ ಬಂತು. ಅಂದ್ರೆ ಚಿತ್ರ ಬರೋ ದಾರಿ ಸರಿ ಇದೆ, ಆ ಕಡೆ ಡೆಸ್ಕ್‌ಟಾಪ್ ತೋರಿಸೋ ಪ್ರೋಗ್ರಾಮ್ ಎದ್ದಿಲ್ಲ. ಟಾಸ್ಕ್ ಮ್ಯಾನೇಜರ್ ತೆಗೆದು ಎಕ್ಸ್‌ಪ್ಲೋರರ್ ಅಂತ ಹೊಸದಾಗಿ ಓಡಿಸಿದೆ. ಸರ್ ಡೆಸ್ಕ್‌ಟಾಪಿನ ಸಿದ್ಧಗಂಗೆ ಬೆಟ್ಟದ ವಾಲ್‌ಪೇಪರ್ ನಿಧಾನಕ್ಕೆ ಮೂಡಿತು. ಅಷ್ಟು ಚಂದದ ಬೆಟ್ಟ ನಾನು ನೋಡೇ ಇಲ್ಲ.

ಅಷ್ಟೊತ್ತಿಗೆ ಆರೂ ಹತ್ತು. ಅಂಕಲ್ ಬಂದು ಪಕ್ಕದಲ್ಲೇ ಕೂತಿದ್ರು. ಎಕ್ಸೆಲ್ ತೆಗೆದು ಲೆಕ್ಕ ತೋರಿಸಿದೆ. ಕಟ್ಟಬೇಕಾದ್ದು 1,40,000. ಅವರು ಚಲನ್ ಕಟ್ಟಿದ್ರು. ಎಲ್ಲಾ ತುಂಬಿಸಿ ಸಹಿ ಹಾಕೋ ಬಟನ್ ಒತ್ತಿದೆ.

ಟೋಕನ್ ಕಾಣ್ತಿಲ್ಲ ಅಂತ ಬಂತು.

ಈಗ ನಿಜ ಹೇಳ್ಬೇಕು. ಹಿಂದಿನ ದಿನವೇ ಅಂಕಲ್ ಬಂದಿದ್ರು. ಸರ್ ಹೊರಗೆ ಹೋಗಿದ್ರು, ಕ್ಯಾಬಿನ್ ತೆರೆದಿತ್ತು, ಒಳಗೆ ಎಸಿ ಇದೆ ಅಂತ ಅಲ್ಲೇ ಕೂರಿಸಿದೆ. ನೆಟ್ ನಿಧಾನ ಇತ್ತು, ಮುಗೀಲಿಲ್ಲ. ಅಂಕಲ್ ಟೋಕನ್ ಕೀಳೋಕೆ ಹೋದಾಗ ನಾನೇ "ಇಲ್ಲೇ ಇರ್ಲಿ ಬಿಡಿ ಅಂಕಲ್, ನಾಳೆ ಒಂದೇ ಕ್ಲಿಕ್" ಅಂದೆ. ಸರ್ ಮೊದಲ ದಿನವೇ ಹೇಳಿದ್ದ ರೂಲ್ಸು: ಟೋಕನ್ ಅಂದ್ರೆ ಆ ಮನುಷ್ಯನ ಸಹಿ, ಅವರ ಜೇಬಲ್ಲೇ ಮನೆಗೆ ಹೋಗ್ಬೇಕು. ನಾನು ಅವರ ಸಹಿಯನ್ನ ಕಂಪ್ಯೂಟರಿಗೆ ಚುಚ್ಚಿ ಬಿಟ್ಟು ಹಾಸ್ಟೆಲ್‌ಗೆ ಹೋಗಿದ್ದೆ. ಸರ್‌ಗೆ ಗೊತ್ತಿಲ್ಲದೆ ಬೀಗ ಹಾಕಿದ್ದಾರೆ.

ಚುಚ್ಚೇ ಇದೆಯಲ್ಲ, ಮತ್ತೆ ಯಾಕೆ ಕಾಣಲ್ಲ? ಗಾಜಲ್ಲಿ ನೋಡಿದ್ರೆ ಅದರ ಸಣ್ಣ ಲೈಟೂ ಕಾಣುತ್ತೆ. ರೂಮ್‌ಮೇಟ್‌ಗೂ ಗೊತ್ತಿರಲಿಲ್ಲ, ಹುಡುಕಿ ಹೇಳಿದ್ಲು. ರಿಮೋಟಲ್ಲಿ ಒಳಗೆ ಹೋದಾಗ ವಿಂಡೋಸ್ ನೋಡೋದು ನಾನು ಕೂತಿರೋ ಕಡೆಯ ಟೋಕನ್ನು, ಆ ಕಡೆ ಚುಚ್ಚಿರೋದಲ್ಲ. ಬೇಕಂತಲೇ ಹಾಗೆ ಮಾಡಿದ್ದಾರೆ. ಸಹಿ ಹಾಕೋನು ಎಲ್ಲಿ ಕೂತಿದ್ದಾನೋ ಸಹಿ ಅಲ್ಲಿರಬೇಕು. ಪ್ರತಿ ತಿಂಗಳೂ ಅಂಕಲ್ ಹಾಲ್‌ನಲ್ಲಿ ನನ್ನ ಕಂಪ್ಯೂಟರಿಗೇ ಚುಚ್ಚಿ ಸಹಿ ಹಾಕ್ತಿದ್ರು, ಅದಕ್ಕೇ ನಡೀತಿತ್ತು. ಈ ಗೋಡೆಗೆ ಯಾವ ಕಮಾಂಡೂ ಇಲ್ಲ.

ಆದ್ರೂ ಇನ್ನೂ ಅರ್ಧ ಗಂಟೆ ಏನೋ ಒತ್ತುತ್ತಾ ಕೂತೆ. ಯಾಕೆ ಅಂದ್ರೆ ಮುಂದಿನದು ಸರ್‌ಗೆ ಫೋನ್ ಮಾಡೋದು.

(4/4)
ಆ ಅರ್ಧ ಗಂಟೆಯಲ್ಲಿ ಒಂದು ಲೆಕ್ಕ ಹಾಕಿದೆ, ಬಿಕಾಂ ಅಲ್ವಾ. ಒಂದು ದಿನ ತಡ ಆದ್ರೆ ಲೇಟ್ ಫೀ 50 ರೂಪಾಯಿ. ಬಡ್ಡಿ ವರ್ಷಕ್ಕೆ ಶೇಕಡಾ 18, ಒಂದು ದಿನಕ್ಕೆ 1,40,000ದ ಮೇಲೆ ಸುಮಾರು 69 ರೂಪಾಯಿ. ಚಲನ್ ಹೇಗೂ ಕಟ್ಟಿಯಾಗಿತ್ತು, ಆ ಬಡ್ಡಿ ಹಿಡಿದ್ರೂ ಒಟ್ಟು 119. ನನ್ನ ಜೇಬಿಂದ ಕೊಟ್ಟು ಅಂಕಲ್ ಹತ್ರ ಸಾರಿ ಕೇಳಿದ್ರೆ ಮುಗೀತು ಅಂತ ಒಂದು ಕ್ಷಣ ಅನ್ಸಿದ್ದು ಸುಳ್ಳಲ್ಲ. ಆದ್ರೆ ಬೆಳಿಗ್ಗೆ ಸರ್ ಬಂದು ಬೀಗ ತೆಗೆದಾಗ ಟೋಕನ್ ಅಲ್ಲೇ ಮಿಣುಕ್ತಾ ಇರುತ್ತಲ್ಲ.

ಏಳು ಗಂಟೆಗೆ ಫೋನ್ ಮಾಡಿದೆ. ಹಿಂದೆ ವಾಲಗ ಕೇಳ್ತಿತ್ತು. ಎಲ್ಲಾ ಹೇಳಿದೆ, ಟೋಕನ್ ವಿಷಯಾನೂ. ಸರ್ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಇನ್ನೊಂದು ಬೀಗದ ಕೈ ನಮ್ಮಮ್ಮನ ಹತ್ರ ಇದೆ, ಹೋಗಿ ಇಸ್ಕೊಂಡು ಬಾ" ಅಂದ್ರು.

ಅಷ್ಟೇ. ಸರ್ ಮನೆ ಆಫೀಸಿಂದ ಹತ್ತು ನಿಮಿಷ. ನಾಲ್ಕೂವರೆಗೇ ಈ ಫೋನ್ ಮಾಡಿದ್ರೆ ಐಪಿ, ಪೋರ್ಟು, ಪಿನ್ನು, ಎಕ್ಸ್‌ಪ್ಲೋರರ್ ಯಾವುದೂ ಬೇಕಿರಲಿಲ್ಲ. ಅಂಕಲ್ ಸ್ಕೂಟರಲ್ಲಿ ಹೋದ್ವಿ. ಅಜ್ಜಿ ಬೀಗದ ಕೈ ಕೊಡೋಕೆ ಮುಂಚೆ ಕಾಫಿ ಕುಡೀಲೇಬೇಕು ಅಂದ್ರು. ಹಾಸ್ಟೆಲ್ ಗೇಟ್ ಒಂಬತ್ತಕ್ಕೆ ಹಾಕ್ತಾರೆ ಅಂತ ಹೇಳಿದ್ದಕ್ಕೆ ಬೇಗ ಕುಡಿ ಅಂದ್ರು.

ಕ್ಯಾಬಿನ್ ಬೀಗ ತೆಗೆದು ಸರ್ ಕುರ್ಚಿ ತುದೀಲಿ ಕೂತು ಲಾಗಿನ್ ಆದೆ. ಹೊರಗಿಂದ ಅಂಕಲ್ ಕೂಗಿದ್ರು, "ಏ ಪುಟ್ಟಿ, ಇಲ್ಲಿ ಸ್ಕ್ರೀನ್ ಹೋಯ್ತಲ್ಲಮ್ಮಾ!" ಹೋಗಲೇಬೇಕು. ಒಂದು ಕಂಪ್ಯೂಟರಲ್ಲಿ ಒಂದು ಸಲಕ್ಕೆ ಒಬ್ಬರೇ. ಅದರ ಮುಂದೆ ಕೂತು ಲಾಗಿನ್ ಆದ ತಕ್ಷಣ ರಿಮೋಟ್ ಕಿಟಕಿ ತಾನಾಗಿ ಮುಚ್ಚುತ್ತೆ. ಎಲ್ಲಿ ಬಿಟ್ಟಿದ್ನೋ ಅಲ್ಲೇ, ಅದೇ ಪೇಜು ಇಲ್ಲಿ ತೆರೆದಿತ್ತು. ಅಂಕಲ್ ಒಳಗೆ ಬಂದು ಟೋಕನ್ ಪಾಸ್‌ವರ್ಡ್ ಅವರೇ ಒತ್ತಿದ್ರು. 8:20ಕ್ಕೆ ಫೈಲ್ ಆಯ್ತು. ಗೇಟ್ ಸಿಕ್ಕಿತು, ಎರಡು ನಿಮಿಷ ಉಳಿದಿತ್ತು.

ಮಾರನೇ ದಿನ ಸರ್ ಬೈಯಲಿಲ್ಲ. ಅದು ಇನ್ನೂ ಕಷ್ಟ. ನಾನು ಏನೇನು ಸರಿ ಮಾಡಿದೆ ಅಂತ ಪೂರ್ತಿ ಕೇಳಿಸ್ಕೊಂಡ್ರು, 3389 ತನಕ. ಆಮೇಲೆ ಕನ್ನಡಕ ಒರೆಸ್ತಾ, "ನನ್ನ ಫೋನಿಗೆ ಯಾವ ಪೋರ್ಟ್ ಬೇಕಾಗಿತ್ತಮ್ಮ?" ಅಂದ್ರು. ಅವತ್ತೇ ರೌಟರಲ್ಲಿ 7ಕ್ಕೆ ಕರ್ಚೀಫ್ ಹಾಕಿಸಿದ್ರು, ನನ್ನ ಕೈಲೇ.

(ಕಾಮೆಂಟಲ್ಲಿ "ಮನೆಯಿಂದಲೂ ಹೀಗೆ ಮಾಡ್ಬಹುದಾ" ಅಂತ ಕೇಳೋರಿಗೆ: ರೌಟರಲ್ಲಿ 3389 ಅನ್ನ ಇಂಟರ್ನೆಟ್‌ಗೆ ತೆರೆದಿಡಬೇಡಿ. ಪಾಸ್‌ವರ್ಡ್ ಊಹೆ ಮಾಡಿ ನುಗ್ಗೋಕೆ ನೋಡೋರು ಹುಡುಕ್ತಾನೇ ಇರ್ತಾರೆ. ವಿಪಿಎನ್ ಹಾಕಿಸ್ಕೊಂಡು ಆಮೇಲೆ ಮಾಡಿ.)

ಕೊನೇ ಫೋಟೋ ಅಂಕಲ್‌ದು, ಅವರನ್ನ ಕೇಳೇ ಹಾಕಿದೀನಿ. ಟೋಕನ್ನಿಗೆ ತೂತು ಇದೆ ನೋಡಿ, ಅದಕ್ಕೆ ಅವರ ಫ್ಯಾಕ್ಟರಿ ನಾರಿನ ಹುರಿ ಕಟ್ಟಿ ಸ್ಕೂಟರ್ ಕೀಗೆ ಸೇರಿಸಿದ್ದಾರೆ. "ಈಗ ಮರೆತು ಹೋದ್ರೆ ಗಾಡೀನೇ ಸ್ಟಾರ್ಟ್ ಆಗಲ್ಲ" ಅಂದ್ರು.