ಶಂಖವಲ್ಲ, ಶಂಕು

ಡೊಂಬಿವಲಿಯ ನಮ್ಮ ಮನೆಯ ಕಪಾಟಿನಲ್ಲಿ, ನಿಘಂಟುಗಳ ಮುಂದೆ, ತೋರುಬೆರಳಿನಷ್ಟು ಉದ್ದದ ಚಿಪ್ಪೊಂದಿದೆ. ಬಿಳಿಯ ಮೈಮೇಲೆ ಕಂದು ಗೆರೆಯ ಮುಕ್ಕೋನಗಳು ಒತ್ತೊತ್ತಾಗಿ ಹರಡಿ, ಸೀರೆಯ ಸೆರಗನ್ನು ಸುರುಳಿ ಸುತ್ತಿಟ್ಟಂತೆ ಕಾಣುತ್ತದೆ. ಅವ್ವ ರಾಮೇಶ್ವರದ ಯಾತ್ರೆಗೆ ಹೋದಾಗ ಅಂಗಡಿಯೊಂದರಲ್ಲಿ ಕೊಂಡು ತಂದದ್ದು. ಅವಳ ಪಾಲಿಗೆ ಅದು ಶಂಖ. ಪಕ್ಕದ ಮನೆಯ ಮರಾಠಿ ಗೆಳತಿಗೂ ಶಂಖವೇ. ಊದಿದರೆ ಸದ್ದು ಬಾರದೆಂಬುದು ಅವರಿಬ್ಬರಿಗೂ ಕೊರತೆಯೆನಿಸಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಮನೆಗೆ ಬಂದ ಪ್ರಾಣಿಶಾಸ್ತ್ರದ ಸಹೋದ್ಯೋಗಿಯೊಬ್ಬರು ಅದನ್ನು ಕೈಗೆತ್ತಿಕೊಂಡು, "ಜೀವಂತವಿದ್ದಾಗ ಇದನ್ನು ಹೀಗೆ ಹಿಡಿಯುವಂತಿರಲಿಲ್ಲ ಸರ್" ಎಂದರು. ಅದು ಕೋನಸ್ ಟೆಕ್ಸ್‌ಟೈಲ್; ಕಡಲಿನ ಬಸವನಹುಳುಗಳಲ್ಲಿ ಬೇಟೆಗಾರ ಕುಲಕ್ಕೆ ಸೇರಿದ್ದು. ಅದರ ಹಲ್ಲು ಟೊಳ್ಳಾದ ಈಟಿ. ಸೊಂಡಿಲಿನ ತುದಿಯಿಂದ ಅದನ್ನು ಚುಚ್ಚಿ ವಿಷವೂಡುತ್ತದೆ. ಈ ಜಾತಿಗೆ ಆಹಾರ ಇತರ ಬಸವನಹುಳುಗಳೇ. ಮೀನು ಹಿಡಿಯುವ ಕೋನಸ್ ಜಿಯೋಗ್ರಾಫಸ್ ಮನುಷ್ಯರನ್ನೂ ಕೊಂದದ್ದುಂಟು. ತೆವಳಿ ಸಾಗುವ ಪ್ರಾಣಿ ಈಜುವ ಮೀನನ್ನು ತಿನ್ನಬೇಕಾದರೆ, ಅದನ್ನು ಇದ್ದಲ್ಲಿಯೇ ಕೆಡಹುವಂಥ ವಿಷ ಬೇಕಲ್ಲವೆ? ನಮ್ಮ ಕಡಲಿನ ಕೋನಸ್‌ಗಳ ವಿಷವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿ. ಬಲರಾಂ ಮತ್ತು ಸಂಗಡಿಗರು ಅಭ್ಯಸಿಸಿದ್ದಾರೆ.

ಭಾಷೆಯ ಮೇಷ್ಟರಿಗೆ ಮೊದಲು ಹೊಳೆಯುವುದು ಹೆಸರು. ಗಣಿತದ ಪಠ್ಯದಲ್ಲಿ ಈ ಆಕೃತಿಯನ್ನು ನಾವು ಶಂಕು ಎನ್ನುತ್ತೇವೆ. ಸಂಸ್ಕೃತದಲ್ಲಿ ಆ ಶಬ್ದಕ್ಕೆ ಗೂಟ, ಮೊಳೆ, ಈಟಿ, ಬಾಣ ಎಂಬ ಅರ್ಥಗಳೂ ಇವೆ. ಆಕಾರವೊಂದನ್ನೇ ಹೇಳುವ ಲ್ಯಾಟಿನ್ ಹೆಸರಿಗಿಂತ ಇದೇ ಮೇಲೆಂದು, 'ಶಂಕುಹುಳು' ಎಂದು ಕರೆದು ಹಿಗ್ಗಿದೆ. ವಿಜ್ಞಾನದವರು ಒಪ್ಪಲಿ, ಬಿಡಲಿ.

ಆ ಹಿಗ್ಗು ಬಹಳ ಹೊತ್ತು ನಿಲ್ಲಲಿಲ್ಲ. ಅವರು ಮಾತು ಮುಂದುವರಿಸಿದರು. ಫಿಲಿಪ್ಪೀನ್ಸ್ ಮೂಲದ ಬಾಲ್ಡೊಮೆರೊ ಒಲಿವೆರಾ ಅವರ ಅಮೆರಿಕದ ಪ್ರಯೋಗಶಾಲೆಯಲ್ಲಿ ಮೈಕೆಲ್ ಮೆಕಿಂಟಾಷ್ ಎಂಬ ಎಳೆಯ ವಿದ್ಯಾರ್ಥಿ ಕೋನಸ್ ಮೇಗಸ್‌ನ ವಿಷದಿಂದ ಒಂದು ಪೆಪ್ಟೈಡನ್ನು ಬೇರ್ಪಡಿಸಿದನಂತೆ. ಅದನ್ನೇ ಕೃತಕವಾಗಿ ತಯಾರಿಸಿದ ಮದ್ದು ಜಿಕೊನೊಟೈಡ್. ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಸಣ್ಣ ಪಂಪಿನಿಂದ ಹನಿಸಿದರೆ, ನೋವನ್ನು ಮಿದುಳಿಗೆ ಮುಟ್ಟಿಸುವ ನರಗಳಲ್ಲಿ ಕ್ಯಾಲ್ಸಿಯಂ ಒಳಹೋಗುವ ದಾರಿಯನ್ನು ಅದು ಮುಚ್ಚುತ್ತದೆ. ಮಾರ್ಫೀನಿಗೆ ಒಗ್ಗಿಕೊಳ್ಳುವಂತೆ ಮೈ ಇದಕ್ಕೆ ಒಗ್ಗಿಕೊಳ್ಳುವುದಿಲ್ಲ. ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ದೊರೆತದ್ದು 2004ರ ಡಿಸೆಂಬರಿನಲ್ಲಿ.

ಅವ್ವ ಕ್ಯಾನ್ಸರಿನಿಂದ ತೀರಿಕೊಂಡದ್ದು 2003ರ ಮಳೆಗಾಲದಲ್ಲಿ. ಮರುವರ್ಷ ಬಂದ ಮದ್ದು ಮೊದಲೇ ಬಂದಿದ್ದರೂ ನಮ್ಮ ಕೈಗೆ ಎಟಕುತ್ತಿತ್ತೆಂದೇನೂ ನಾನು ನಂಬಿಲ್ಲ. ಆದರೂ ಆ ಎರಡು ಇಸವಿಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡದೆ ಇರಲಾಗಲಿಲ್ಲ. ಕೊನೆಯ ತಿಂಗಳುಗಳಲ್ಲಿ ಮಾರ್ಫೀನ್ ಮಾತ್ರೆಗಾಗಿ ಡೊಂಬಿವಲಿಯಿಂದ ಪರೇಲಿಗೆ ಲೋಕಲ್ ಗಾಡಿಯಲ್ಲಿ ಹೋಗಿಬರುತ್ತಿದ್ದೆ. ತಂದದ್ದು ರಾತ್ರಿಗೆ ಸಾಲುತ್ತಿರಲಿಲ್ಲ. ನೋವು ಏರಿದಾಗ ಅವ್ವ ಈ ಚಿಪ್ಪನ್ನು ಕೇಳಿ ಪಡೆದು ಅಂಗೈಯಲ್ಲಿ ಬಿಗಿಹಿಡಿಯುತ್ತಿದ್ದಳು. ಯಾಕೆಂದು ಕೇಳಿದರೆ, ತಣ್ಣಗದ ಎನ್ನುತ್ತಿದ್ದಳು.